‘ಕೂಕೂ’: ಮಾರಾಟವಾಗಿಯೂ ಮರೆಯಾದ ಒಂದು ಆಲ್ಬಂ

1979ರ ಆಗಸ್ಟ್ ತಿಂಗಳ ಮೂರನೆಯ ವಾರದಲ್ಲಿ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಹಾಡು ‘ಶೀಕ್’ ತಂಡದ ‘ಗುಡ್ ಟೈಮ್ಸ್’. ಆ ಸ್ಥಾನ ಅದಕ್ಕೆ ದಕ್ಕಿದ್ದು ಒಂದೇ ವಾರ. ಮರುವಾರ ‘ದ ನ್ಯಾಕ್’ ಎಂಬ ಹೊಸ ತಂಡದ ‘ಮೈ ಶರೋನಾ’ ಅಲ್ಲಿಗೆ ಬಂದು ಕುಳಿತಿತು. ಶೀಕ್ ಕಪ್ಪು ಸಂಗೀತಗಾರರು ಕಟ್ಟಿದ ತಂಡ; ಕುಣಿತದ ಸಂಗೀತಗಳಾದ ಡಿಸ್ಕೊ ಮತ್ತು ಫಂಕ್ ಅದರ ಉಸಿರು. ದ ನ್ಯಾಕ್ ಬಿಳಿಯ ಹುಡುಗರ ಗಿಟಾರ್ ತಂಡ; ಆಗಷ್ಟೇ ಚಾಲ್ತಿಗೆ ಬರುತ್ತಿದ್ದ ‘ನ್ಯೂ ವೇವ್’ ಎಂಬ ಹೆಸರಿನಡಿ ಅದರ ಧ್ವನಿಮುದ್ರಿಕೆಗಳು ಮಾರಾಟವಾಗುತ್ತಿದ್ದವು. ಇದಕ್ಕೆ ತಿಂಗಳ ಹಿಂದೆ, ಜುಲೈ 12ರಂದು, ಶಿಕಾಗೊ ನಗರದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ ರಾಶಿ ಹಾಕಿದ ಡಿಸ್ಕೊ ಧ್ವನಿಮುದ್ರಿಕೆಗಳನ್ನು ಸಿಡಿಮದ್ದಿಟ್ಟು ಹಾರಿಸಲಾಗಿತ್ತು. ಜನ ಮೈದಾನಕ್ಕೆ ನುಗ್ಗಿ, ಎರಡನೆಯ ಪಂದ್ಯವೇ ನಡೆಯದೆ ಹೋಯಿತು. ಹೀಗಾಗಿ ಪಟ್ಟಿಯಲ್ಲಾದ ಆ ಅದಲುಬದಲನ್ನು ಒಂದು ಸಂಗೀತದ ಅಂತ್ಯವೆಂದೂ ಇನ್ನೊಂದರ ಆರಂಭವೆಂದೂ ಹಲವರು ಓದಿದರು.

ಎರಡು ವರ್ಷಗಳ ಬಳಿಕ, 1981ರಲ್ಲಿ, ಈ ಎರಡು ಪಾಳಯಗಳ ಮುಂಚೂಣಿಯಲ್ಲಿದ್ದವರು ನ್ಯೂಯಾರ್ಕ್‌ನ ಪವರ್ ಸ್ಟೇಷನ್ ಎಂಬ ಸ್ಟುಡಿಯೊದಲ್ಲಿ ಜೊತೆಗೂಡಿ ಒಂದು ಆಲ್ಬಂ ಮಾಡಿದರು. ನ್ಯೂ ವೇವ್ ತಂಡಗಳಲ್ಲೇ ಅತ್ಯಂತ ಜನಪ್ರಿಯವಾಗಿದ್ದ ‘ಬ್ಲಾಂಡಿ’ಯ ಗಾಯಕಿ ಡೆಬಿ ಹ್ಯಾರಿ ಮತ್ತು ಅದರ ಗಿಟಾರ್ ವಾದಕ ಕ್ರಿಸ್ ಸ್ಟೈನ್ ಒಂದು ಕಡೆ, ಶೀಕ್ ತಂಡವನ್ನು ಕಟ್ಟಿದ ಗಿಟಾರ್ ವಾದಕ ನೈಲ್ ರಾಜರ್ಸ್ ಮತ್ತು ಬೇಸ್ ವಾದಕ ಬರ್ನಾರ್ಡ್ ಎಡ್ವರ್ಡ್ಸ್ ಇನ್ನೊಂದು ಕಡೆ. ‘ಕೂಕೂ’ ಎಂಬ ಹೆಸರಿನ ಆ ಆಲ್ಬಂ ಹ್ಯಾರಿಯ ಮೊದಲ ಏಕವ್ಯಕ್ತಿ ಆಲ್ಬಂ ಆಗಿ 1981ರ ಜುಲೈ ಕೊನೆಯಲ್ಲಿ ಕ್ರಿಸಲಿಸ್ ಕಂಪನಿಯಿಂದ ಹೊರಬಂದಿತು. ಇವತ್ತು ಬ್ಲಾಂಡಿಯ ಹಾಡುಗಳನ್ನು ಬಾಯಿಪಾಠ ಹೇಳುವವರಲ್ಲಿಯೂ ಇದನ್ನು ಪೂರ್ತಿ ಕೇಳಿದವರು ಕಡಿಮೆ. ಅದು ಹೀಗೆ ಬದಿಗೆ ಸರಿದದ್ದು ಏಕೆಂಬುದು ಮೇಲ್ನೋಟಕ್ಕೆ ಕಾಣುವಷ್ಟು ಸರಳವಾಗಿಲ್ಲ. ಅದನ್ನು ಬಿಡಿಸಿ ನೋಡಲು ಮೊದಲು ಫಂಕ್ ಮತ್ತು ನ್ಯೂ ವೇವ್ ಎಂಬ ಎರಡು ಲಯಪದ್ಧತಿಗಳ ಒಳಗುಟ್ಟನ್ನು ಸ್ವಲ್ಪ ತಿಳಿಯಬೇಕು.

ತಾಳದ ಪರಿಚಯವಿರುವ ಕನ್ನಡ ಓದುಗರಿಗೆ ಇದು ಕಷ್ಟವೇನಲ್ಲ. ಆದಿತಾಳದ ಎಂಟು ಎಣಿಕೆಗಳಲ್ಲಿ ಅರ್ಧವನ್ನು, ಅಂದರೆ ನಾಲ್ಕನ್ನು ಮಾತ್ರ, ಎಣಿಸುತ್ತ ಹೋಗಿ ಎಂದುಕೊಳ್ಳೋಣ. ಪ್ರತಿ ಎಣಿಕೆಯನ್ನು ಚತುರಶ್ರ ನಡೆಯಲ್ಲಿ ‘ತಕಧಿಮಿ’ ಎಂದು ನಾಲ್ಕಾಗಿ ಒಡೆದರೆ ಒಂದು ಆವರ್ತಕ್ಕೆ ಹದಿನಾರು ಮನೆಗಳು ಸಿಗುತ್ತವೆ. ನ್ಯೂ ವೇವ್, ಅದಕ್ಕೂ ಹಿಂದಿನ ಒರಟು ರಾಕ್ ಆದ ಪಂಕ್, ಸಾಮಾನ್ಯವಾಗಿ ಪ್ರತಿ ಎಣಿಕೆಯನ್ನು ಎರಡಾಗಿ ಮಾತ್ರ ಒಡೆದು, ಆ ಎಂಟೂ ಮನೆಗಳ ಮೇಲೆ ಗಿಟಾರಿನ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಸಮನಾಗಿ ಬಾರಿಸುತ್ತ ಮುನ್ನುಗ್ಗುತ್ತದೆ. ಅದರ ಬಲವಿರುವುದು ಆ ಸಮತೆಯಲ್ಲಿ, ಬಿಗಿಯಲ್ಲಿ, ಯಂತ್ರದಂತೆ ತಪ್ಪದ ನೂಕಿನಲ್ಲಿ. ಫಂಕ್ ಸಂಗೀತ ಹದಿನಾರು ಮನೆಗಳನ್ನೂ ಬಳಸುತ್ತದೆ, ಆದರೆ ಎಲ್ಲವನ್ನೂ ತುಂಬುವುದಿಲ್ಲ. ಮೊದಲ ಎಣಿಕೆಯ ಮೇಲೆ, ನಮ್ಮವರು ‘ಸಮ’ ಎನ್ನುವ ಜಾಗದಲ್ಲಿ, ಎಲ್ಲ ವಾದ್ಯಗಳೂ ಒಟ್ಟಿಗೆ ಭಾರ ಊರುತ್ತವೆ. ಫಂಕ್‌ಗೆ ರೂಪ ಕೊಟ್ಟ ಗಾಯಕ ಜೇಮ್ಸ್ ಬ್ರೌನ್ ತನ್ನ ವಾದಕರಿಗೆ ಪಟ್ಟು ಹಿಡಿದು ಕಲಿಸಿದ್ದು ಇದನ್ನೇ. ಅಲ್ಲಿಂದಾಚೆಗೆ ಯಾವ ಮನೆಯಲ್ಲಿ ಸದ್ದು, ಯಾವ ಮನೆಯಲ್ಲಿ ಮೌನ ಎಂಬ ಹಂಚಿಕೆಯೇ ಸಂಗೀತವಾಗುತ್ತದೆ. ಕೇಳುವವರ ಮೈ ಕುಣಿಯುವುದು ಬಿದ್ದ ಪೆಟ್ಟಿನಿಂದ ಎಷ್ಟೋ ಬೀಳದೆ ಉಳಿದ ಪೆಟ್ಟಿನಿಂದಲೂ ಅಷ್ಟೇ.

ನೈಲ್ ರಾಜರ್ಸ್‌ನ ಬಲಗೈಯನ್ನು ಯಾವುದಾದರೂ ಹಳೆಯ ವಿಡಿಯೊದಲ್ಲಿ ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಆ ಕೈ ಎಲ್ಲಿಯೂ ನಿಲ್ಲುವುದಿಲ್ಲ. ಹದಿನಾರು ಮನೆಗಳ ಮೇಲೂ ಮೇಲೆ ಕೆಳಗೆ, ಮೇಲೆ ಕೆಳಗೆ ಎಂದು ಆಡುತ್ತಲೇ ಇರುತ್ತದೆ. ಸ್ವರ ಯಾವಾಗ ಕೇಳಿಸಬೇಕು ಎಂಬುದನ್ನು ತೀರ್ಮಾನಿಸುವುದು ಎಡಗೈ. ಬೆರಳುಗಳು ತಂತಿಯನ್ನು ಪೂರ್ತಿ ಒತ್ತಿದಾಗ ಸ್ವರ ಮಿಂಚುತ್ತದೆ, ಕೂದಲೆಳೆಯಷ್ಟು ಸಡಿಲಿಸಿದಾಗ ಬರಿಯ ‘ಚಕ್ ಚಕ್’ ಎಂಬ ಒಣ ಸದ್ದು ಉಳಿಯುತ್ತದೆ. ವಾದಕರು ಇದನ್ನು ‘ಚಕಿಂಗ್’ ಎನ್ನುತ್ತಾರೆ. ಆರು ತಂತಿಗಳನ್ನೂ ಒಟ್ಟಿಗೆ ಮೀಟದೆ, ಮೇಲಿನ ಸ್ಥಾಯಿಯ ಎರಡು ಮೂರು ತಂತಿಗಳಲ್ಲಿ ಸ್ವರಗುಚ್ಛದ ಒಂದು ತುಣುಕನ್ನಷ್ಟೇ ನುಡಿಸುವುದು ಅವನ ರೂಢಿ. ಹೀಗೆ ಕೆಳಸ್ಥಾಯಿಯನ್ನು ಖಾಲಿ ಬಿಟ್ಟಾಗ ಅಲ್ಲಿ ಎಡ್ವರ್ಡ್ಸ್‌ನ ಬೇಸ್ ಗಿಟಾರ್ ಓಡಾಡಲು ಜಾಗ ಸಿಗುತ್ತದೆ. ಆ ಬೇಸ್ ತಾಳ ಹಿಡಿಯುವ ಆಳಿನ ಕೆಲಸ ಮಾಡುತ್ತಲೇ ತನ್ನದೇ ಒಂದು ರಾಗವನ್ನೂ ಹಾಡುತ್ತದೆ. ‘ಗುಡ್ ಟೈಮ್ಸ್’ ಹಾಡನ್ನು ನೆನೆಸಿಕೊಳ್ಳುವವರು ಗುನುಗುವುದು ಬಹುಪಾಲು ಬೇಸ್‌ನ ಸಾಲನ್ನೇ. ಈ ಇಬ್ಬರ ಹಿಂದೆ ಟೋನಿ ಥಾಂಪ್ಸನ್‌ನ ಡ್ರಮ್ಸ್. ನಾಜೂಕಿನ ತಂಡದಲ್ಲಿ ಕುಳಿತಿದ್ದರೂ ರಾಕ್ ವಾದಕನ ತೋಳ್ಬಲದಿಂದ ಬಾರಿಸುತ್ತಿದ್ದವನು ಅವನು. 1985ರ ಲೈವ್ ಏಡ್ ಕಛೇರಿಯಲ್ಲಿ ಬ್ರಿಟಿಷ್ ರಾಕ್ ತಂಡ ಲೆಡ್ ಜೆಪ್ಲಿನ್‌ನ ಉಳಿದ ಸದಸ್ಯರು ಮತ್ತೆ ಒಂದಾದಾಗ ಡ್ರಮ್ಸ್ ನುಡಿಸಲು ಕರೆಸಿಕೊಂಡವರಲ್ಲಿ ಅವನೂ ಒಬ್ಬ.

ಇಂಥವರ ಬಳಿಗೆ ಹ್ಯಾರಿ ಮತ್ತು ಸ್ಟೈನ್ ಹೋದದ್ದು ಹಠಾತ್ತಾಗಿ ಅಲ್ಲ. 1974ರಲ್ಲಿ ಕಟ್ಟಿದ ಬ್ಲಾಂಡಿ, ನ್ಯೂಯಾರ್ಕ್‌ನ ಬವರಿ ಬೀದಿಯ ಸಿಬಿಜಿಬಿ ಎಂಬ ಕಿರಿದಾದ ಕ್ಲಬ್ಬಿನಲ್ಲಿ ಪಂಕ್ ತಂಡಗಳ ನಡುವೆ ಬೆಳೆದದ್ದಾದರೂ, ಒಂದೇ ಶೈಲಿಗೆ ಅಂಟಿಕೊಂಡದ್ದಲ್ಲ. 1979ರಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೇರಿದ ಅವರ ‘ಹಾರ್ಟ್ ಆಫ್ ಗ್ಲಾಸ್’ ಡಿಸ್ಕೊ ಲಯದ ಹಾಡು. ಪಂಕ್ ಗೆಳೆಯರಲ್ಲಿ ಕೆಲವರು ಇದನ್ನು ದ್ರೋಹವೆಂದೇ ಬಗೆದರು. 1980ರಲ್ಲಿ ಬಂದ ‘ಆಟೋಅಮೆರಿಕನ್’ ಆಲ್ಬಂನ ಒಂದು ಹಾಡು ಜಮೈಕಾ ಮೂಲದ ರೆಗೆ ಶೈಲಿಯದು, ಇನ್ನೊಂದು ‘ರ‍್ಯಾಪ್ಚರ್’. ನ್ಯೂಯಾರ್ಕ್‌ನ ಬ್ರಾಂಕ್ಸ್ ಭಾಗದ ಬೀದಿಗಳಲ್ಲಿ ಹುಟ್ಟುತ್ತಿದ್ದ, ಲಯಕ್ಕೆ ಮಾತು ಜೋಡಿಸುವ ರ‍್ಯಾಪ್ ಅನ್ನು ಒಳಗೊಂಡು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದ ಮೊದಲ ಹಾಡು ಈ ‘ರ‍್ಯಾಪ್ಚರ್’, ಅದೂ 1981ರ ಮಾರ್ಚ್‌ನಲ್ಲಿ. ಅದರ ಬೆನ್ನೆಲುಬಿನಲ್ಲಿ ‘ಗುಡ್ ಟೈಮ್ಸ್’ನ ನೆರಳಿದೆ ಎಂಬುದನ್ನು ಕಿವಿಯೇ ಹೇಳುತ್ತದೆ. ಅದೇ ವರ್ಷ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಡಿಜೆ, ತಿರುಗುವ ಧ್ವನಿಮುದ್ರಿಕೆಗಳನ್ನು ಕೈಯಿಂದಲೇ ಹಿಂದೆಮುಂದೆ ಮಾಡುತ್ತ ಹೆಣೆದ ಒಂದು ಪ್ರಸಿದ್ಧ ಧ್ವನಿಮುದ್ರಣದಲ್ಲಿ ಬ್ಲಾಂಡಿಯ ಈ ಹಾಡನ್ನೂ ಶೀಕ್‌ನ ಆ ಹಾಡನ್ನೂ ಒಂದರ ಪಕ್ಕ ಒಂದಿಟ್ಟು ನುಡಿಸಿದ. ಪಟ್ಟಿ ತಯಾರಿಸುವವರು ಬೇರೆ ಬೇರೆ ಗೂಡುಗಳಲ್ಲಿ ಇಟ್ಟಿದ್ದನ್ನು ಡಿಜೆಯ ಎರಡು ಟರ್ನ್‌ಟೇಬಲ್‌ಗಳು ಆಗಲೇ ಒಂದುಗೂಡಿಸಿದ್ದವು ಎನ್ನಬಹುದು.

ಏಕವ್ಯಕ್ತಿ ಆಲ್ಬಂ ಎಂಬುದಕ್ಕೂ ಬ್ಲಾಂಡಿಯ ವಿಷಯದಲ್ಲಿ ಒಂದು ತೊಡಕಿತ್ತು. ತಂಡದ ಹೆಸರನ್ನೇ ಗಾಯಕಿಯ ಹೆಸರೆಂದು ಜನ ತಿಳಿಯುತ್ತಿದ್ದರು. ಚಿನ್ನದ ಕೂದಲಿನ ಹೆಣ್ಣಿಗೆ ‘ಬ್ಲಾಂಡಿ’ ಎನ್ನುವುದು ಅಲ್ಲಿನ ಬೀದಿಮಾತು. ಲಾರಿ ಚಾಲಕರು ಹ್ಯಾರಿಯನ್ನು ಕಂಡು ಹಾಗೆ ಕೂಗುತ್ತಿದ್ದುದೇ ತಂಡದ ಹೆಸರಾಯಿತು. ಗೊಂದಲ ಎಷ್ಟಿತ್ತೆಂದರೆ ‘ಬ್ಲಾಂಡಿ ಒಂದು ತಂಡ’ ಎಂದು ಬರೆದ ಬ್ಯಾಡ್ಜುಗಳನ್ನೇ ಹಂಚಬೇಕಾಯಿತು. ಹೀಗಿರುವಾಗ ಅದೇ ಗಾಯಕಿ ತನ್ನ ಸ್ವಂತ ಹೆಸರಿನಲ್ಲಿ ಆಲ್ಬಂ ತಂದರೆ ಅದು ಬ್ಲಾಂಡಿಯ ಹೊಸ ಆಲ್ಬಂ ಅಲ್ಲವೆಂದು ಕೊಳ್ಳುವವರಿಗೆ ತಿಳಿಸುವುದು ಹೇಗೆ? ಹ್ಯಾರಿ ಮಾಡಿದ ಮೊದಲ ಕೆಲಸ ಕೂದಲಿನ ಬಣ್ಣ ಬದಲಿಸಿದ್ದು. ‘ಕೂಕೂ’ ಹೊದಿಕೆಯ ಮೇಲಿರುವ ಹ್ಯಾರಿಗೆ ಕಂದುಗಪ್ಪು ಕೂದಲು, ಹಿಂದಕ್ಕೆ ಬಾಚಿ ಬಿಗಿದದ್ದು.

ಆ ಹೊದಿಕೆಯ ಕಥೆಯೇ ಬೇರೆ. ಬ್ರಯನ್ ಏರಿಸ್ ತೆಗೆದ ಹ್ಯಾರಿಯ ಮುಖದ ಛಾಯಾಚಿತ್ರದ ಮೇಲೆ ಸ್ವಿಟ್ಜರ್‌ಲ್ಯಾಂಡಿನ ಕಲಾವಿದ ಎಚ್.ಆರ್. ಗೀಗರ್ ಏರ್‌ಬ್ರಷ್‌ನಿಂದ ಕೆಲಸ ಮಾಡಿದ. ‘ಏಲಿಯನ್’ ಚಲನಚಿತ್ರದ ಭೀಕರ ಜೀವಿಯನ್ನು ರೂಪಿಸಿ, 1980ರಲ್ಲಿ ಆ ಚಿತ್ರಕ್ಕೆ ಬಂದ ಆಸ್ಕರ್ ಪ್ರಶಸ್ತಿಯಲ್ಲಿ ಪಾಲು ಪಡೆದವನು ಈತ. ಅಕ್ಯುಪಂಕ್ಚರ್ ಚಿಕಿತ್ಸೆಯಿಂದ ಹೊಳೆದ ಕಲ್ಪನೆಯಂತೆ, ನಾಲ್ಕು ಉದ್ದನೆಯ ಲೋಹದ ಸಲಾಕೆಗಳು ಹ್ಯಾರಿಯ ಮುಖ ಮತ್ತು ಕತ್ತನ್ನು ಅಡ್ಡಡ್ಡಲಾಗಿ ತೂರಿ ಆಚೆ ಬದಿಗೆ ಹೊರಟಿವೆ. ರಕ್ತವಿಲ್ಲ, ನೋವಿನ ಗುರುತಿಲ್ಲ. ಕಣ್ಣುಗಳು ನೇರವಾಗಿ ನೋಡುತ್ತಿವೆ. ಈ ಚಿತ್ರದ ಭಿತ್ತಿಪತ್ರಗಳು ಲಂಡನ್ ಸುರಂಗ ರೈಲಿನ ನಿಲ್ದಾಣಗಳಿಗೆ ಸಲ್ಲವೆಂದು ನಿರಾಕರಿಸಲ್ಪಟ್ಟವು. ಕಲೆಯಾಗಿ ನೋಡಿದರೆ ಆ ಕಾಲದ ಅತ್ಯುತ್ತಮ ಹೊದಿಕೆಗಳಲ್ಲಿ ಇದೊಂದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಳಗಿರುವುದು ಕುಣಿತದ ಸಂಗೀತ ಎಂಬ ಸುಳಿವನ್ನು ಅದು ಎಳ್ಳಷ್ಟೂ ಕೊಡುವುದಿಲ್ಲ. ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡ ಶೀಕ್‌ನ ಅಭಿಮಾನಿಗೆ ಇದು ತನಗಾಗಿ ಮಾಡಿದ್ದೆಂದು ಅನ್ನಿಸಿರಲಾರದು.

ಇನ್ನು ಹಾಡುಗಳು. ಒಟ್ಟು ಹತ್ತು. ರಚನೆಯ ಹಂಚಿಕೆ ಗಮನಿಸಿದರೆ ಆಲ್ಬಂನ ಸ್ವಭಾವ ಅರ್ಧ ತಿಳಿದುಹೋಗುತ್ತದೆ: ನಾಲ್ಕು ಹಾಡುಗಳು ರಾಜರ್ಸ್ ಮತ್ತು ಎಡ್ವರ್ಡ್ಸ್ ಬರೆದವು, ನಾಲ್ಕು ಹ್ಯಾರಿ ಮತ್ತು ಸ್ಟೈನ್ ಬರೆದವು, ನಾಲ್ವರೂ ಕೂಡಿ ಬರೆದವು ಎರಡೇ ಎರಡು. ಅಂದರೆ ಎರಡು ಮನೆಗಳವರು ತಂತಮ್ಮ ಅಡುಗೆ ಮಾಡಿ ತಂದು ಒಂದೇ ಪಂಕ್ತಿಯಲ್ಲಿ ಬಡಿಸಿದ ಹಾಗೆ. ಶೀಕ್ ಜೋಡಿಯ ‘ದ ಜ್ಯಾಮ್ ವಾಸ್ ಮೂವಿಂಗ್’ ಮತ್ತು ‘ಬ್ಯಾಕ್‌ಫೈರ್ಡ್’ ಮೇಲೆ ವಿವರಿಸಿದ ಹದಿನಾರು ಮನೆಗಳ ಆಟಕ್ಕೆ ನೇರ ಉದಾಹರಣೆಗಳು. ಹ್ಯಾರಿ ಮತ್ತು ಸ್ಟೈನ್ ಅವರ ‘ಇನ್ನರ್ ಸಿಟಿ ಸ್ಪಿಲ್‌ಓವರ್’ ರೆಗೆಯ ಕಡೆಗೆ ವಾಲಿದರೆ, ‘ಮಿಲಿಟರಿ ರ‍್ಯಾಪ್’ ಕವಾಯತಿನ ಲಯಕ್ಕೆ ಮಾತು ಜೋಡಿಸಿದ ತಮಾಷೆ. ‘ಕ್ರೋಮ್’ ಯಾವ ಗೂಡಿಗೂ ಸೇರದ, ತೇಲುವ ಮಂದ ಗತಿಯ ಹಾಡು. ಹಿನ್ನೆಲೆ ಹಾಡಿದವರಲ್ಲಿ ‘ಡೀವೋ’ ಎಂಬ ಮತ್ತೊಂದು ನ್ಯೂ ವೇವ್ ತಂಡದ ಇಬ್ಬರು ಮುಖ್ಯಸ್ಥರಾದ ಮಾರ್ಕ್ ಮದರ್ಸ್‌ಬಾ ಮತ್ತು ಜೆರಾಲ್ಡ್ ಕಸಾಲೆ ಇದ್ದಾರೆ.

ನನಗೆ ಕಂಡಂತೆ ಈ ಆಲ್ಬಂನ ನಿಜವಾದ ಬಿಕ್ಕಟ್ಟು ಇರುವುದು ಕಂಠದಲ್ಲಿ. ಶೀಕ್‌ನ ಹಾಡುಗಳಲ್ಲಿ ಗಾಯಕಿಯರು ಸಾಮಾನ್ಯವಾಗಿ ಒಟ್ಟಾಗಿ, ಒಂದೇ ಮಟ್ಟದಲ್ಲಿ, ತಣ್ಣಗೆ ಹಾಡುತ್ತಾರೆ; ಅವರ ದನಿ ಇನ್ನೊಂದು ವಾದ್ಯದಂತೆ ಲಯದೊಳಗೆ ಕುಳಿತಿರುತ್ತದೆ, ಯಾರು ಹಾಡುತ್ತಿದ್ದಾರೆ ಎಂಬ ಪ್ರಶ್ನೆ ಏಳುವುದಿಲ್ಲ. ಹ್ಯಾರಿಯದು ಇದಕ್ಕೆ ತದ್ವಿರುದ್ಧವಾದ ಕಲೆ. ಒಂದು ಸಾಲನ್ನು ಮುದ್ದಾಗಿ ಹಾಡಿ, ಮುಂದಿನ ಸಾಲಿನಲ್ಲಿ ಆ ಮುದ್ದನ್ನೇ ಅಣಕಿಸುವುದು, ಹಾಡುತ್ತ ಹಾಡುತ್ತ ಮಾತಿಗೆ ಜಾರುವುದು, ಒಂದು ಪಾತ್ರವನ್ನು ತೊಟ್ಟು ಕಳಚುವುದು ಆಕೆಯ ಬಲ. ಬ್ಲಾಂಡಿಯಲ್ಲಿ ಕ್ಲೆಮ್ ಬರ್ಕ್‌ನ ಡ್ರಮ್ಸ್ ತುಂಬಿ ಹರಿಯುತ್ತ ಆ ನಾಟಕಕ್ಕೆ ರಂಗಸ್ಥಳ ಒದಗಿಸುತ್ತಿತ್ತು. ಮೌನಗಳನ್ನು ಅಳೆದು ಇಟ್ಟಿರುವ ಶೀಕ್‌ನ ಲಯ ಅಷ್ಟು ಸಡಿಲ ಬಿಡುವುದಿಲ್ಲ. ಹಾಗಾಗಿ ಕೆಲವು ಹಾಡುಗಳಲ್ಲಿ ಆಕೆ ಬೇರೆಯವರ ಅಳತೆಗೆ ಹೊಲಿದ ಅಂಗಿ ತೊಟ್ಟಂತೆ ಕೇಳಿಸುತ್ತದೆ. ‘ಸರೆಂಡರ್’ ಅಂಥದ್ದು, ವಾದ್ಯಗಳೆಲ್ಲ ಸರಿಯಾಗಿಯೇ ಇದ್ದರೂ ದನಿ ಹೊರಗೆ ನಿಂತಿದೆ. ‘ಬ್ಯಾಕ್‌ಫೈರ್ಡ್’ನಲ್ಲಿ ಮಾತ್ರ ಹಾಡಿನ ಸಾಹಿತ್ಯವೇ ಜಗಳಗಂಟಿಯಾಗಿರುವುದರಿಂದ ಹ್ಯಾರಿಯ ಚುಚ್ಚುಮಾತಿನ ಧಾಟಿ ಗಿಟಾರಿನ ಒಣ ಚಕ್ ಚಕ್‌ಗೆ ಸರಿಜೋಡಿಯಾಗುತ್ತದೆ. ಕೊನೆಯ ಹಾಡು ‘ಓಯಸಿಸ್’ ನಾಲ್ವರೂ ಕೂಡಿ ಬರೆದದ್ದು. ಅದು ಫಂಕ್ ಎಂದಾಗಲಿ ನ್ಯೂ ವೇವ್ ಎಂದಾಗಲಿ ಕರೆಸಿಕೊಳ್ಳದೆ, ಮರಳುಗಾಡಿನ ಬಿಸಿಲಿನ ಭ್ರಮೆಯಂಥ ಮೂರನೆಯ ಯಾವುದೋ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಇಂಥ ಇನ್ನೂ ಮೂರು ಹಾಡುಗಳಿದ್ದರೆ ನಾವು ಈ ಆಲ್ಬಂ ಬಗ್ಗೆ ಬೇರೆಯದೇ ಧಾಟಿಯಲ್ಲಿ ಮಾತಾಡುತ್ತಿದ್ದೆವು.

‘ಕೂಕೂ’ ಸೋತಿತು ಎಂಬ ಮಾತನ್ನು ಅಂಕಿಗಳ ಮುಂದಿಟ್ಟು ನೋಡಬೇಕು. ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಅದು 6ನೆಯ ಸ್ಥಾನಕ್ಕೆ ಏರಿತು, ಅಮೆರಿಕದಲ್ಲಿ 25ನೆಯದಕ್ಕೆ. ಅಮೆರಿಕದಲ್ಲಿ 5 ಲಕ್ಷ ಪ್ರತಿಗಳಿಗೆ ಕೊಡುವ ‘ಗೋಲ್ಡ್’ ಮನ್ನಣೆಯೂ ಸಿಕ್ಕಿತು. ಬೇರೆ ಯಾವ ಕಲಾವಿದರಿಗಾದರೂ ಇದು ಗೆಲುವೇ. ಆದರೆ ಹಿಂದಿನ ‘ಆಟೋಅಮೆರಿಕನ್’ 10 ಲಕ್ಷ ದಾಟಿ ‘ಪ್ಲ್ಯಾಟಿನಂ’ ಆಗಿತ್ತು. ಅದರ ಎರಡು ಹಾಡುಗಳು ಮೊದಲ ಸ್ಥಾನ ಕಂಡಿದ್ದವು. ಅವುಗಳ ಬೆನ್ನಿಗೆ ಬಂದ ‘ಬ್ಯಾಕ್‌ಫೈರ್ಡ್’ ಅಮೆರಿಕದಲ್ಲಿ 43ಕ್ಕೆ, ಬ್ರಿಟನ್ನಿನಲ್ಲಿ 32ಕ್ಕೆ ನಿಂತಿತು. ಆಲ್ಬಂ ಮಾರಾಟವಾಗಿ, ಹಾಡು ಮಾತ್ರ ರೇಡಿಯೊದಲ್ಲಿ ನೆಲೆಯೂರದೆ ಹೋದರೆ ಏನಾಗುತ್ತದೆಂದರೆ, ಕೊಂಡವರ ಮನೆಯಲ್ಲಿ ಅದು ಉಳಿಯುತ್ತದೆ, ಊರಿನ ನೆನಪಿನಲ್ಲಿ ಉಳಿಯುವುದಿಲ್ಲ. ದಶಕಗಳ ಕಾಲ ಮತ್ತೆ ಮತ್ತೆ ಪ್ರಸಾರವಾಗಿ ಜನರ ಕಿವಿಗೆ ಅಂಟುವ ಒಂದು ಹಾಡಾದರೂ ಇಲ್ಲದ ಆಲ್ಬಂಗೆ ಮುಂದಿನ ತಲೆಮಾರು ಬರುವ ದಾರಿಯೇ ಇಲ್ಲ.

ರೇಡಿಯೊದಲ್ಲಿ ಅದು ನೆಲೆಯೂರದ್ದಕ್ಕೆ ಕಾರಣ ಅಮೆರಿಕದ ಪ್ರಸಾರ ವ್ಯವಸ್ಥೆಯಲ್ಲಿಯೇ ಇತ್ತು ಎಂದು ನಾನು ತಿಳಿಯುತ್ತೇನೆ. ಅಲ್ಲಿ ಪ್ರತಿ ನಿಲಯವೂ ಒಂದು ನಿರ್ದಿಷ್ಟ ಶೈಲಿಯನ್ನು ಹಿಡಿದು, ಆ ಶೈಲಿಯ ಕೇಳುಗರನ್ನು ಜಾಹೀರಾತುದಾರರಿಗೆ ಲೆಕ್ಕ ಕೊಡುತ್ತದೆ. ಡಿಸ್ಕೊ ವಿರುದ್ಧದ ಅಲೆ ಎದ್ದ ಮೇಲೆ ರಾಕ್ ನಿಲಯಗಳು ಕುಣಿತದ ವಾಸನೆಯಿದ್ದ ಯಾವುದನ್ನೂ ಹತ್ತಿರ ಸೇರಿಸಲು ಹಿಂಜರಿದವು. ಕಪ್ಪು ಕೇಳುಗರ ನಿಲಯಗಳಿಗೆ ಹ್ಯಾರಿ ಮನೆಯವಳಾಗಿರಲಿಲ್ಲ. ಆಲ್ಬಂ ಹೊರಬಂದ ಕೆಲವೇ ದಿನಗಳಲ್ಲಿ, 1981ರ ಆಗಸ್ಟ್ 1ರಂದು, ಎಂಟಿವಿ ಎಂಬ ವಿಡಿಯೊ ವಾಹಿನಿ ಆರಂಭವಾಯಿತು. ಅದೂ ತನ್ನ ಮೊದಲ ವರ್ಷಗಳಲ್ಲಿ ಬಿಳಿಯರ ರಾಕ್ ನಿಲಯಗಳ ಜಾಡನ್ನೇ ಹಿಡಿದಿತ್ತು. ಕಪ್ಪು ಕಲಾವಿದರನ್ನು ಏಕೆ ಇಷ್ಟು ಕಡಿಮೆ ತೋರಿಸುತ್ತೀರಿ ಎಂದು ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ 1983ರಲ್ಲಿ ಅದೇ ವಾಹಿನಿಯ ಸಂದರ್ಶಕನನ್ನು ಎದುರೆದುರೇ ಕೇಳಿದ ದೃಶ್ಯ ಇವತ್ತಿಗೂ ನೋಡಲು ಸಿಗುತ್ತದೆ.

ಬೋವಿಯ ಹೆಸರು ಇಲ್ಲಿ ಬರುವುದಕ್ಕೆ ಇನ್ನೊಂದು ಕಾರಣವಿದೆ. 1982ರ ಕೊನೆಯಲ್ಲಿ ಆತ ತನ್ನ ಹೊಸ ಆಲ್ಬಂಗಾಗಿ ಆರಿಸಿಕೊಂಡದ್ದು ನೈಲ್ ರಾಜರ್ಸ್‌ನನ್ನು, ಅದೇ ಪವರ್ ಸ್ಟೇಷನ್ ಸ್ಟುಡಿಯೊವನ್ನು. ಡ್ರಮ್ಸ್ ನುಡಿಸಿದ ಇಬ್ಬರಲ್ಲಿ ಟೋನಿ ಥಾಂಪ್ಸನ್ ಒಬ್ಬ. ಎಡ್ವರ್ಡ್ಸ್ ಒಂದು ಹಾಡಿಗೆ ಬೇಸ್ ನುಡಿಸಿದ. ಸುಮಾರು 17 ದಿನಗಳಲ್ಲಿ ಮುಗಿದ ಆ ‘ಲೆಟ್ಸ್ ಡಾನ್ಸ್’ 1983ರಲ್ಲಿ ಹೊರಬಂದು ಬೋವಿಯ ಬದುಕಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಂ ಆಯಿತು. ಬಿಳಿಯ ರಾಕ್ ಕಲಾವಿದರೊಬ್ಬರ ದನಿಗೆ ಶೀಕ್‌ನ ಲಯವನ್ನು ಕೂಡಿಸುವ ಪ್ರಯೋಗ ‘ಕೂಕೂ’ವಿನಲ್ಲಿ ಆದದ್ದೇ. ಈ ಬಾರಿ ಅದು ಫಲಿಸಿದ್ದು ಹೇಗೆ? ಹಾಡುಗಳ ಹೊಣೆ ಒಬ್ಬನದೇ ಆಗಿತ್ತು, ಲಯದ ಹೊಣೆ ಇನ್ನೊಬ್ಬನದು. ಎರಡು ಮನೆಯ ಅಡುಗೆ ಎಂಬ ತೊಡಕಿರಲಿಲ್ಲ. ಬೋವಿಯ ಅಗಲವಾದ ಕಂಠ ಮೌನಗಳ ಮೇಲೆ ಚಾಚಿಕೊಳ್ಳುತ್ತಿತ್ತು, ಅವುಗಳೊಂದಿಗೆ ಜಗಳಕ್ಕಿಳಿಯುತ್ತಿರಲಿಲ್ಲ. ಜೊತೆಗೆ ಆ ಎರಡು ವರ್ಷಗಳಲ್ಲಿ ಡಿಸ್ಕೊ ಎಂಬ ಪದದ ಕಳಂಕವೂ ಮಾಸಿತ್ತು. 1985ರ ಹೊತ್ತಿಗೆ ಡುರಾನ್ ಡುರಾನ್ ತಂಡದ ಇಬ್ಬರು ಸದಸ್ಯರು ಗಾಯಕ ರಾಬರ್ಟ್ ಪಾಮರ್‌ನನ್ನೂ ಥಾಂಪ್ಸನ್‌ನನ್ನೂ ಸೇರಿಸಿಕೊಂಡು, ಎಡ್ವರ್ಡ್ಸ್‌ನನ್ನು ನಿರ್ಮಾಪಕನನ್ನಾಗಿಸಿ ಕಟ್ಟಿದ ತಂಡಕ್ಕೆ ಆ ಸ್ಟುಡಿಯೊದ ಹೆಸರನ್ನೇ ಇಟ್ಟುಕೊಂಡರು. ‘ದ ಪವರ್ ಸ್ಟೇಷನ್’ ಎಂಬ ಆ ಹೆಸರೇ ಒಂದು ಶೈಲಿಯ ಗುರುತಾಗಿತ್ತು.

ಹ್ಯಾರಿಗೆ ಆ ಹೊತ್ತಿಗೆ ಇದರ ಲಾಭ ಪಡೆಯುವ ಸ್ಥಿತಿ ಇರಲಿಲ್ಲ. 1982ರಲ್ಲಿ ಬಂದ ಬ್ಲಾಂಡಿಯ ‘ದ ಹಂಟರ್’ ಯಾರನ್ನೂ ಮೆಚ್ಚಿಸಲಿಲ್ಲ. ಕ್ರಿಸ್ ಸ್ಟೈನ್ ಪೆಂಫಿಗಸ್ ಎಂಬ, ಮೈಮೇಲೆಲ್ಲ ಬೊಕ್ಕೆ ಏಳುವ ಅಪರೂಪದ ಕಾಯಿಲೆಗೆ ಬಿದ್ದ; ತಂಡ ಒಡೆಯಿತು; ಹ್ಯಾರಿ ಆತನ ಆರೈಕೆಗೆ ನಿಂತಳು. ಎರಡನೆಯ ಏಕವ್ಯಕ್ತಿ ಆಲ್ಬಂ ‘ರಾಕ್‌ಬರ್ಡ್’ ಬರುವಾಗ 1986 ಆಗಿತ್ತು. ಐದು ವರ್ಷಗಳ ಆ ಅಂತರದಲ್ಲಿ ‘ಕೂಕೂ’ವಿನ ಬೆನ್ನಿಗೆ ನಿಂತು ಅದನ್ನು ಮುಂದಕ್ಕೆ ಕೊಂಡೊಯ್ಯುವ ಇನ್ನೊಂದು ಆಲ್ಬಂ ಇಲ್ಲದೆ, ಅದು ತಂಡದ ಕಥೆಯಲ್ಲಿಯೂ ಸೇರದೆ, ಗಾಯಕಿಯ ಕಥೆಯಲ್ಲಿಯೂ ಮೊದಲ ಅಧ್ಯಾಯವಾಗದೆ ಉಳಿಯಿತು.

ಈಗ ಕೇಳಬಯಸುವವರು ಮೊದಲ ಹಾಡಿನಿಂದ ಶುರು ಮಾಡುವ ಅಗತ್ಯವಿಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ‘ದ ಜ್ಯಾಮ್ ವಾಸ್ ಮೂವಿಂಗ್’ ಹಾಡನ್ನು ಎರಡು ಸಲ ಕೇಳಬೇಕು: ಮೊದಲ ಸಲ ಬೇಸ್ ಒಂದನ್ನೇ ಹಿಂಬಾಲಿಸುತ್ತ, ಎರಡನೆಯ ಸಲ ಗಿಟಾರಿನ ಒಣ ಸದ್ದುಗಳನ್ನು ಮಾತ್ರ ಎಣಿಸುತ್ತ. ಆಮೇಲೆ ಬೋವಿಯ ‘ಲೆಟ್ಸ್ ಡಾನ್ಸ್’ ಹಾಡನ್ನು ಹಾಕಿದರೆ ಎರಡರ ನಂಟು ಯಾರೂ ಹೇಳಿಕೊಡದೆ ತಿಳಿಯುತ್ತದೆ. ‘ಓಯಸಿಸ್’ ಅನ್ನು ಕೊನೆಗೆ, ರಾತ್ರಿಗೆ ಇಟ್ಟುಕೊಳ್ಳಬಹುದು.